ನಾಲ್ಕು ಪೇಪರ್ ತರಿಸಿದರೆ ನಂಬಿಕೆ ಹೆಚ್ಚುತ್ತದೋ, ಇದ್ದದ್ದೂ ಹೋಗುತ್ತದೋ?

ಗೋರೆಗಾಂವ್ ಪೂರ್ವ

ಮುಂಬೈಯ ನಮ್ಮ ಕನ್ನಡ ಸಂಘದ ವಾಚನಾಲಯಕ್ಕೆ ಈಗ ನಾಲ್ಕು ದಿನಪತ್ರಿಕೆ ಬರುತ್ತವೆ. ಕನ್ನಡದ್ದು ಒಂದು, ಮರಾಠಿಯವು ಎರಡು, ಇಂಗ್ಲಿಷ್ ಒಂದು. ಕಳೆದ ಸಭೆಯಲ್ಲಿ ಖಜಾಂಚಿಯವರು ಇನ್ನು ಮುಂದೆ ಒಂದೇ ಸಾಕು ಅಂದರು. ದುಡ್ಡಿನ ಮಾತಾಗಿದ್ದರೆ ಸುಮ್ಮನಿರುತ್ತಿದ್ದೆ. ಅವರು ಕೊಟ್ಟ ಕಾರಣ ಬೇರೆ. "ಮನೆಗೊಂದು ಪೇಪರ್ ಬರುತ್ತಿದ್ದಾಗ ಜನ ಅದನ್ನು ನಂಬುತ್ತಿದ್ದರು. ಈಗ ನಾಲ್ಕು ಓದಿ, ಅದರ ಮೇಲೆ ಫೋನಲ್ಲಿ ನಲವತ್ತು ನೋಡಿ, ಯಾವುದರ ಮೇಲೂ ವಿಶ್ವಾಸ ಉಳಿದಿಲ್ಲ. ಸಂಘದ ದುಡ್ಡಲ್ಲಿ ಗೊಂದಲ ಯಾಕೆ ಹಂಚಬೇಕು?"

ಅರ್ಧ ಸಭೆ ಹೌದು ಹೌದು ಅಂತ ತಲೆಯಾಡಿಸಿತು. ನನಗೆ ವಾದ ಎಲ್ಲೋ ತಪ್ಪಿದೆ ಅನ್ನಿಸುತ್ತಿದೆ, ಎಲ್ಲಿ ಅಂತ ಬೆರಳಿಟ್ಟು ತೋರಿಸಲು ಆಗುತ್ತಿಲ್ಲ. ಬೇರೆ ಬೇರೆ ಕಡೆ ಸುದ್ದಿ ನೋಡುವವರಿಗೆ ಮಾಧ್ಯಮದ ಮೇಲೆ ನಂಬಿಕೆ ಹೆಚ್ಚೋ ಕಡಿಮೆಯೋ? ಇಲ್ಲಿ ಪತ್ರಿಕೆಯಲ್ಲಿ ದುಡಿದವರಿದ್ದೀರಿ, ಸರ್ವೆ ಗಿರ್ವೆ ಓದುವವರೂ ಇದ್ದೀರಿ. ಪಕ್ಷಗಳ ಜಗಳ ಮಾತ್ರ ಇಲ್ಲಿ ತರಬೇಡಿ, ದಯವಿಟ್ಟು.

ಮುಲುಂಡ್ ಅಕ್ಕ

ರದ್ದಿವಾಲಾ ಕೊಡುವ ದುಡ್ಡನ್ನು ಖಜಾಂಚಿಯವರು ಜಮಾ ಕಡೆ ಹಿಡಿದಿದ್ದಾರಾ, ಅದನ್ನು ಮೊದಲು ನೋಡಿ. ವಿಶ್ವಾಸದ ಲೆಕ್ಕ ಆಮೇಲೆ ಮಾಡೋಣ.

ಹಿಂಜೆವಾಡಿ ಹೈದ

ಸರ್ವೆ ಓದುವವನು ನಾನೇ, ಹಾಗಾಗಿ ಶುರು ಮಾಡ್ತೀನಿ. ಆಕ್ಸ್‌ಫರ್ಡ್‌ನ ರಾಯಿಟರ್ಸ್ ಇನ್‌ಸ್ಟಿಟ್ಯೂಟ್ 2012ರಿಂದ ಪ್ರತಿ ವರ್ಷ ಡಿಜಿಟಲ್ ನ್ಯೂಸ್ ರಿಪೋರ್ಟ್ ಅಂತ ತರುತ್ತೆ. ಭಾರತ ಅದಕ್ಕೆ ಸೇರಿದ್ದು 2021ರಲ್ಲಿ. ಅವರು ಕೇಳೋದು ಇಷ್ಟೇ: ಹೆಚ್ಚಿನ ಸುದ್ದಿಯನ್ನ ಹೆಚ್ಚಿನ ಸಲ ನಂಬಬಹುದು ಅನ್ನಿಸುತ್ತಾ? 2023ರಲ್ಲಿ ನಮ್ಮಲ್ಲಿ ಹೂಂ ಅಂದವರು 38 ಶೇಕಡಾ, 2024ರಲ್ಲಿ 41. ಆ ವರ್ಷ ಎಲ್ಲ ದೇಶ ಸೇರಿಸಿದ ಸರಾಸರಿ 40. ಫಿನ್‌ಲೆಂಡ್ 69, ಎಲ್ಲರಿಗಿಂತ ಮೇಲೆ. ಗ್ರೀಸ್ ಮತ್ತು ಹಂಗೆರಿ 23, ಎಲ್ಲರಿಗಿಂತ ಕೆಳಗೆ.

ಈಗ ಖಜಾಂಚಿಯವರ ಮಾತನ್ನ ಇದರ ಪಕ್ಕ ಇಟ್ಟು ನೋಡಿ. ಫಿನ್‌ಲೆಂಡಿನವರೇನು ಒಂದೇ ಪೇಪರ್ ಓದ್ಕೊಂಡು ಕೂತಿರೋರಲ್ಲ. ಗ್ರೀಸಿನಲ್ಲೂ ಸುದ್ದಿ ತಾಣಗಳಿಗೆ ಬರಗಾಲ ಇಲ್ಲ. ಎರಡೂ ಕಡೆ ಆಯ್ಕೆ ಬೇಕಾದಷ್ಟಿದೆ, ಆದ್ರೂ ಒಂದು ಕಡೆ 69, ಇನ್ನೊಂದು ಕಡೆ 23. ಅಂದ್ರೆ ಎಷ್ಟು ನೋಡ್ತೀರಿ ಅನ್ನೋದೊಂದರಿಂದಲೇ ನಂಬಿಕೆ ಏರೋದೂ ಇಲ್ಲ, ಇಳಿಯೋದೂ ಇಲ್ಲ.

ಒಂದು ಎಚ್ಚರಿಕೆ. ಭಾರತದ ಅಂಕಿ ಹೆಚ್ಚಾಗಿ ಇಂಗ್ಲಿಷ್ ಬಲ್ಲ, ಆನ್‌ಲೈನ್ ಇರೋ, ಕಡಿಮೆ ವಯಸ್ಸಿನವರದ್ದು. ಇದನ್ನ ವರದಿಯೇ ಹೇಳುತ್ತೆ. ವಾಚನಾಲಯದಲ್ಲಿ ಕನ್ನಡಕ ಹಣೆ ಮೇಲೇರಿಸಿ ಪೇಪರ್ ಓದೋ ಹಿರಿಯರ ಮನಸ್ಸು ಅದರಲ್ಲಿ ಇಲ್ಲ. ಸಭೆಯಲ್ಲಿ ಈ 41ನ್ನ ಯಾರಾದ್ರೂ ಎತ್ತಿದ್ರೆ ಇದನ್ನೂ ಹೇಳಿ.

ವಾಸ್ಕೋ ಮಂದಿ

ನಾ ಬಾದಾಮಿ ಕಡಿಯವ, ವಾಸ್ಕೋದಾಗ ಭಾಳ ವರ್ಷ ಆತು. ನಿಮ್ಮ ಪ್ರಶ್ನೆ ನನಗ ದಿನಾ ಇರೂದ ಐತಿ. ಯಾಕಂದ್ರ ಮಹಾದಾಯಿ ಹೊಳಿ (ಗೋವಾದಾಗ ಇದಕ್ಕ ಮಾಂಡವಿ ಅಂತಾರ) ಸುದ್ದಿ ಬಂತಂದ್ರ ನಾವು ನಡಬರಕ ಸಿಕ್ಕೊಂಡವರು. ಊರಾಗ ಅಣ್ಣ ಮಲಪ್ರಭಾಕ್ಕ ನೀರ ಬರತಾವಂತ ಕಾಯ್ಕೋತ ಕುಂತಾನ. ಇಲ್ಲಿ ನಮ್ಮ ಹುಡುಗ ಸಾಲ್ಯಾಗ ಮಾಂಡವಿ ಉಳಸ್ರಿ ಅಂತ ಚಿತ್ರ ಬರೀತಾನ. ಒಂದ ನದಿ, ಆದ್ರ ಎರಡೂ ಕಡಿ ಪೇಪರ್ ಓದಿದ್ರ ಎರಡು ನದಿ ಅದಾವೋ ಏನೋ ಅನ್ನಸ್ತೈತಿ.

2018ರ ಆಗಸ್ಟ್‌ನಾಗ ನ್ಯಾಯಮಂಡಳಿ ತೀರ್ಪು ಬಂತು. ಅಣ್ಣ ಫೋನ್ ಮಾಡಿ "ನಮಗ 13.42 ಟಿಎಂಸಿ ಕೊಟ್ಟಾರ" ಅಂದ. ಇಲ್ಲಿ ಬಸ್ ಸ್ಟ್ಯಾಂಡಿನಾಗ ಕೊಂಡ ಪೇಪರ್‌ನಾಗ ಗೋವಾಕ್ಕ 24 ಅಂತ ದೊಡ್ಡ ಅಕ್ಷರದಾಗ. ಮಹಾರಾಷ್ಟ್ರಕ್ಕ ಬಂದದ್ದು 1.33, ಅದನ್ನ ಎರಡೂ ಕಡಿ ಒಂದ ಸಾಲಿನಾಗ ಮುಗಿಸಿದ್ರು. ಆಮ್ಯಾಲ ಮೂರನೇದೊಂದು ಓದಿದೆ ನೋಡ್ರಿ, ಆಗ ಗೊತ್ತಾತು. ಆ 13.42ರಾಗ 8.02 ವಿದ್ಯುತ್ ತಗಿಯಾಕ. ಅದು ಖರ್ಚಾಗೂ ನೀರಲ್ಲ, ತಿರುಗಿ ಹೊಳಿಗೇ ಹೋಗೂದು. ಕಳಸಾದಿಂದ 1.72, ಬಂಡೂರಿಯಿಂದ 2.18, ಕೂಡಿದ್ರ ಮಲಪ್ರಭಾಕ್ಕ ತಿರಗಸೂದು 3.9. ಅಣ್ಣಗ ಬೇಕಾಗಿದ್ದು ಈ 3.9. ಅದು ಅವನ ಪೇಪರ್‌ನಾಗೂ ಇತ್ತು, ಒಳಗಿನ ಪುಟದಾಗ.

ಇದರಾಗ ಸುಳ್ಳ ಬರದವರು ಯಾರೂ ಇಲ್ಲ. ತಮ್ಮ ಮಂದಿಗೆ ಯಾವ ಅಂಕಿ ರುಚಿ ಹತ್ತತೈತೋ ಅದನ್ನ ಮ್ಯಾಲ ಇಟ್ರು. 2022ರ ಡಿಸೆಂಬರ್‌ನಾಗ ಕೇಂದ್ರ ಜಲ ಆಯೋಗ ಹೊಸ ಡಿಪಿಆರ್‌ಗೆ, ಅಂದ್ರ ಯೋಜನಾ ವರದಿಗೆ, ಒಪ್ಪಿಗಿ ಕೊಟ್ಟಾಗೂ ಹಿಂಗ ಆತು. ಆ ಕಡಿ ಪಟಾಕಿ, ಈ ಕಡಿ ಧರಣಿ. ಒಪ್ಪಿಗಿ ಬಂದ್ರೂ ಅರಣ್ಯ, ವನ್ಯಜೀವಿ ಪರವಾನಗಿ ಇನ್ನೂ ಬೇಕು ಅನ್ನೂ ಮಾತು ಆ ಕಡಿ ಪೇಪರ್‌ನಾಗ ಕೊನೀ ಪ್ಯಾರಾ, ಈ ಕಡಿ ಪೇಪರ್‌ನಾಗ ತಲಿಬರಹ.

ಹಂಗಂತ ನನ್ನ ನಂಬಿಕಿ ಹೋತೇನು? ಪೂರಾ ನಂಬೂದು ಹೋತು ಖರೆ. ಆದ್ರ ನೀರಿನ ಸುದ್ದಿ ಬಂದ್ರ ಯಾವ ಪೇಪರ್‌ನಾಗ ಏನ್ ಬಿಟ್ಟಿರತಾರ ಅನ್ನೂದು ಈಗ ಗೊತ್ತೈತಿ. ಒಂದ ಓದತಿದ್ರ ಇದು ಗೊತ್ತಾಗತಿರಲಿಲ್ಲ.

ಸ್ವಾರಗೇಟ್ ಮೇಷ್ಟ್ರು

ವಾಸ್ಕೋದವರು ಹೇಳಿದ್ದರ ಜೋಡಿ ಪುಣೆಯಲ್ಲೂ ಉಂಟು. 2022ರ ಡಿಸೆಂಬರ್ 6ರಂದು ಬೆಳಗಾವಿ ಹತ್ತಿರ ಹಿರೇಬಾಗೇವಾಡಿ ಟೋಲ್‌ನಲ್ಲಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿತ್ತು. ಇತ್ತ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಆ ಸಂಜೆ ನಮ್ಮ ಮನೆಯಲ್ಲಿ ಕನ್ನಡ ಚಾನೆಲ್, ಎದುರು ಮನೆಯಲ್ಲಿ ಮರಾಠಿ ಚಾನೆಲ್. ನಾನು ಬಸ್ ನೋಡಿದೆ, ಅವರು ಲಾರಿ ನೋಡಿದರು. ರಾತ್ರಿ ಇಬ್ಬರೂ ಸೇರಿ ಒಂದು ಹಿಂದಿ ಚಾನೆಲ್ ಹಾಕಿದೆವು. ಅದು ಬಸ್ಸನ್ನೂ ತೋರಿಸಿತು, ಲಾರಿಯನ್ನೂ ತೋರಿಸಿತು. ಮುಗಿದ ಮೇಲೆ ನೆರೆಮನೆಯ ಕಾಕಾ "ಇವರು ನಿಮ್ಮ ಪರ" ಅಂದರು. ನಾನು ಅದೇ ಮಾತನ್ನು ಅವರಿಗೆ ಹೇಳಬೇಕೆಂದು ಬಾಯಿ ತೆರೆದಿದ್ದೆ.

ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುವವನು. ಇದಕ್ಕೊಂದು ಹೆಸರಾಂತ ಪ್ರಯೋಗವಿದೆ. 1985ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಲೋನ್, ರಾಸ್, ಲೆಪರ್ ಎಂಬ ಮೂವರು ಪ್ರಕಟಿಸಿದ್ದು. 1982ರ ಬೈರೂತ್ ನರಮೇಧದ ಬಗ್ಗೆ ಟಿವಿಯಲ್ಲಿ ಬಂದ ವರದಿಗಳನ್ನು ಇಸ್ರೇಲ್ ಪರ ವಿದ್ಯಾರ್ಥಿಗಳಿಗೂ ಅರಬ್ ಪರ ವಿದ್ಯಾರ್ಥಿಗಳಿಗೂ ತೋರಿಸಿದರು. ಒಂದೇ ತುಣುಕುಗಳು. ಎರಡೂ ಗುಂಪಿನವರು ಇದು ನಮ್ಮ ವಿರುದ್ಧ ವಾಲಿದೆ ಅಂದರು. ಹೆಚ್ಚು ತಿಳಿದವರಿಗೆ ಹಾಗನ್ನಿಸುವುದು ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚೇ ಆಗಿತ್ತು.

ಹಾಗಾಗಿ ಎರಡು ಪಕ್ಷದ ಸುದ್ದಿಯನ್ನೂ ಓದಿದರೆ ಮನಸ್ಸು ತಕ್ಕಡಿ ಹಾಗೆ ನಡುವೆ ನಿಲ್ಲುತ್ತದೆ ಎಂದು ನಾನಂತೂ ಭರವಸೆ ಕೊಡಲಾರೆ. ವಿಷಯ ನಮ್ಮ ಊರು, ನಮ್ಮ ಭಾಷೆಯದ್ದಾದರೆ ಸಮತೋಲದ ವರದಿಯೂ ಕಣ್ಣಿಗೆ ಶತ್ರುವೇ. ಖಜಾಂಚಿಯವರು ಹೇಳಿದ್ದರಲ್ಲಿ ಸ್ವಲ್ಪ ಹುರುಳಿದೆ ಅನ್ನಲು ಇದನ್ನು ಹೇಳಿದೆ. ಆದರೆ ಅವರು ಹೇಳುವ ಔಷಧಿ ಬೇಡ. ಒಂದೇ ಪೇಪರ್ ಇದ್ದರೆ ಕಾಕಾಗೆ ಬಸ್ ಕಾಣುವುದಿಲ್ಲ, ನನಗೆ ಲಾರಿ ಕಾಣುವುದಿಲ್ಲ, ಇಬ್ಬರೂ ತಮ್ಮ ತಮ್ಮ ಪೇಪರನ್ನು ತುಂಬು ಮನಸ್ಸಿನಿಂದ ನಂಬಿಕೊಂಡು ಇರುತ್ತೇವೆ. ಅಂಥ ನಂಬಿಕೆ ಹೆಚ್ಚಾದರೆ ಯಾರಿಗೆ ಲಾಭ?

ಹಳೇ ಪ್ರೂಫ್ ರೀಡರ್

ಎಲ್ಲರೂ "ನಾಲ್ಕು ಪೇಪರ್" ಎಂದು ಮಾತಾಡುತ್ತಿದ್ದೀರಿ. ನಾಲ್ಕು ಪೇಪರ್ ತರಿಸಿದರೆ ನಾಲ್ಕು ಮೂಲದ ಸುದ್ದಿ ಬಂತು ಅಂತ ಯಾರು ಹೇಳಿದ್ದು? ಇಡೀ ಹರಟೆಯಲ್ಲಿ ಯಾರೂ ಇದನ್ನು ಕೇಳಿಲ್ಲ.

ನಾನು ಮುಂಬೈಯ ಎರಡು ಮೂರು ಪತ್ರಿಕೆಗಳ ಡೆಸ್ಕಿನಲ್ಲಿ ಕಣ್ಣು ಸವೆಸಿದವನು. ರಾತ್ರಿ ಪಾಳಿಯಲ್ಲಿ ಪುಟ ಕಟ್ಟುವುದು ಹೇಗೆ ಗೊತ್ತೇ? ದೆಹಲಿ ಸುದ್ದಿ, ಕೋರ್ಟಿನ ಸುದ್ದಿ, ವಿದೇಶದ ಸುದ್ದಿ, ಇವೆಲ್ಲ ಪಿಟಿಐ ಅನ್ನುವ ಸುದ್ದಿ ಏಜೆನ್ಸಿಯ ಕಾಪಿ. ಇಂಗ್ಲಿಷ್ ಪತ್ರಿಕೆ ತಲೆಬರಹ ಬದಲಿಸಿ ಹಾಕುತ್ತದೆ, ನಾವು ಕನ್ನಡಕ್ಕೆ ತಿರುಗಿಸಿ ಹಾಕುತ್ತಿದ್ದೆವು, ಮರಾಠಿಯವರು ಮರಾಠಿಗೆ. ಪಾಲಿಕೆಯ ಸುದ್ದಿ ಪಾಲಿಕೆಯ ಪ್ರೆಸ್ ನೋಟ್. ಪೊಲೀಸರ ಸುದ್ದಿ ಪೊಲೀಸರ ಪ್ರೆಸ್ ನೋಟ್. ಒಂದೇ ನಲ್ಲಿಯ ನೀರನ್ನು ನಾಲ್ಕು ಕೊಡದಲ್ಲಿ ಹಿಡಿದು, ನಾಲ್ಕೂ ಒಂದೇ ರುಚಿ ಇದೆ, ಆದ್ದರಿಂದ ನೀರು ಶುದ್ಧ ಅಂದ ಹಾಗೆ ಆಗುತ್ತದೆ ಲೆಕ್ಕ.

ಏಜೆನ್ಸಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಸಲ ಏಜೆನ್ಸಿಯ ಕಾಪಿ ನಮ್ಮ ವರದಿಗಾರ ಬರೆದದ್ದಕ್ಕಿಂತ ನಿಖರ ಇರುತ್ತಿತ್ತು. ಓದುಗ ಎಣಿಕೆ ತಪ್ಪುತ್ತಾನೆ, ಅಷ್ಟೇ ನನ್ನ ತಕರಾರು. ನಾಲ್ಕು ಕಡೆ ನೋಡಿದೆ, ಖಾತ್ರಿಯಾಯಿತು ಅನ್ನುತ್ತಾನೆ, ನೋಡಿದ್ದು ಒಂದನ್ನೇ. ನಾಳೆ ಆ ಒಂದರಲ್ಲಿ ತಪ್ಪಿತ್ತು ಅಂತ ಗೊತ್ತಾದರೆ "ನಾಲ್ಕೂ ಪೇಪರ್ ಸುಳ್ಳು" ಅಂತ ಪೂರ್ತಿ ಬಿಡುತ್ತಾನೆ. ನಂಬಿಕೆ ಬರುವಾಗಲೂ ನಾಲ್ಕು ಪಟ್ಟು, ಹೋಗುವಾಗಲೂ ನಾಲ್ಕು ಪಟ್ಟು.

ಇದರ ಪರಮಾವಧಿ ಇದೇ ರಾಜ್ಯದಲ್ಲಿ ಆದದ್ದು. 2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆ ಹೊತ್ತಿಗೆ ಒಬ್ಬ ದೊಡ್ಡ ನಾಯಕರನ್ನು ಹೊಗಳುವ ಲೇಖನ, ಒಂದಕ್ಕೊಂದು ಪೈಪೋಟಿ ನಡೆಸುವ ಮರಾಠಿ ಪತ್ರಿಕೆಗಳಲ್ಲಿ, ಅಕ್ಷರಕ್ಕೆ ಅಕ್ಷರ ಒಂದೇ ಆಗಿ ಬಂತು. ಪಿ. ಸಾಯಿನಾಥ್ ಅವರು ಅದನ್ನು 'ದಿ ಹಿಂದೂ'ವಿನಲ್ಲಿ ಬಯಲಿಗಿಟ್ಟರು. ಎರಡು ಮೂರು ಪೇಪರ್ ಹರಡಿಕೊಂಡು ಓದುವ ಹುಚ್ಚು ಇದ್ದವರಿಗೆ ಮಾತ್ರ ಕಣ್ಣಿಗೆ ಬೀಳುವಂಥ ಸಂಗತಿ ಅದು. ಕಾಸು ಕೊಟ್ಟು ಹಾಕಿಸಿದ ಸುದ್ದಿಯ ಬಗ್ಗೆ ಪ್ರೆಸ್ ಕೌನ್ಸಿಲ್ ಉಪಸಮಿತಿ ಮಾಡಿತು, 2010ರಲ್ಲಿ ವರದಿ ಸಿದ್ಧವಾಯಿತು. ಹೆಸರುಗಳಿದ್ದ ಪೂರ್ತಿ ವರದಿಯನ್ನು ಕೌನ್ಸಿಲ್ ಹೊರಗೆ ಬಿಡಲಿಲ್ಲ. 2011ರಲ್ಲಿ ಕೇಂದ್ರ ಮಾಹಿತಿ ಆಯೋಗ ಹೇಳಿದ ಮೇಲೆ ಹೊರಬಂತು. ಪತ್ರಿಕೆಗಳ ಮೇಲೆ ಕಣ್ಣಿಡಬೇಕಾದವರೇ ಹೀಗಾದರೆ ಓದುಗರು ಏನು ಮಾಡಬೇಕು ಹೇಳಿ.

ಗೋರೆಗಾಂವ್‌ನವರೇ, ವಾಚನಾಲಯದಲ್ಲಿ ಒಂದು ಕೆಲಸ ಮಾಡಿಸಿ. ಒಂದು ದಿನದ ನಾಲ್ಕೂ ಪೇಪರನ್ನು ಮೇಜಿನ ಮೇಲೆ ಬಿಡಿಸಿಟ್ಟು, ಮುಖಪುಟದ ಸುದ್ದಿಗಳಲ್ಲಿ ಯಾವುದಕ್ಕೆ ವರದಿಗಾರರ ಹೆಸರಿದೆ, ಯಾವುದಕ್ಕೆ ಪಿಟಿಐ ಅಂತಿದೆ, ಯಾವುದಕ್ಕೆ ಏನೂ ಇಲ್ಲ, ಬಣ್ಣದ ಪೆನ್ಸಿಲಿನಲ್ಲಿ ಗುರುತು ಹಾಕಲಿ. ಮರಾಠಿಯಲ್ಲಿ ಏಜೆನ್ಸಿ ಸುದ್ದಿಗೆ 'ವೃತ್ತಸಂಸ್ಥಾ' ಅಂತ ಬರೆಯುತ್ತಾರೆ, ಸಣ್ಣಕ್ಷರ. ಒಳಪುಟದ ಮೂಲೆಯಲ್ಲಿ ಇರುವೆ ಗಾತ್ರದಲ್ಲಿ ಜಾಹೀರಾತು ಅಂತ ಇರುವುದನ್ನೂ ಬಿಡಬೇಡಿ. ಸುದ್ದಿಯ ಅಚ್ಚಿಗೂ ಅದರ ಅಚ್ಚಿಗೂ ಅಕ್ಷರದ ಬಳಕು ಒಂಚೂರು ಬೇರೆ ಇರುತ್ತದೆ. ನನ್ನ ಕಣ್ಣಿಗೆ ಅದು ಈಗಲೂ ಚುಚ್ಚುತ್ತದೆ.

ಘಾಟ್ಕೋಪರ್ ಗೌಡ

ಪ್ರೂಫ್ ರೀಡರ್ ಸರ್ ಒಪ್ಪಿಕೊಂಡ ಮೇಲೆ ಇನ್ನೇನು? ಎಲ್ಲಾ ಮಾರ್ಕೊಂಡೋರೇ. ನಾನು ಪೇಪರ್ ಬಿಟ್ಟೆ, ಟಿವಿ ಬಿಟ್ಟೆ. ಯೂಟ್ಯೂಬ್‌ನಲ್ಲಿ ಧೈರ್ಯವಾಗಿ ಮಾತಾಡೋರು ಇದ್ದಾರೆ, ಅವರನ್ನ ನೋಡ್ತೀನಿ, ಗ್ರೂಪಲ್ಲಿ ಬರೋದು ಓದ್ತೀನಿ. ವೆರೈಟಿ ಬೇಕು ಅಂದ್ರೆ ಅಲ್ಲಿ ನೂರು ಜನ ಇದ್ದಾರೆ.

ಮುಲುಂಡ್ ಅಕ್ಕ

ಗೌಡ್ರೇ, ಆ ನೂರು ಜನರಲ್ಲಿ ನಿಮಗೆ ಒಪ್ಪಿಗೆ ಇಲ್ಲದ ಮಾತು ಆಡುವವರು ಎಷ್ಟು ಮಂದಿ?

ಘಾಟ್ಕೋಪರ್ ಗೌಡ

ಒಪ್ಪಿಗೆ ಇಲ್ಲದ್ದನ್ನ ಯಾಕಮ್ಮ ನೋಡಬೇಕು, ಬಿಪಿ ಏರಿಸ್ಕೊಳೋಕಾ.

ಐರೋಲಿ ಅಂಕಿಅಂಶ

ಅಕ್ಕನ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂದುಕೊಳ್ಳುತ್ತೇನೆ.

ಗೌಡರ ಕಥೆ ಸಂಶೋಧನೆಯಲ್ಲೂ ಇದೆ. ಹೆಚ್ಚು ಕಡೆ ಸುದ್ದಿ ನೋಡಿದ್ದರಿಂದ ನಂಬಿಕೆ ಕುಸಿಯಿತೋ, ಮೊದಲೇ ನಂಬಿಕೆ ಕುಸಿದವರು ಬೇರೆ ಕಡೆ ಹುಡುಕಿಕೊಂಡು ಹೋದರೋ? ಒಂದು ಸಲ ಕೇಳಿ ಬಿಡುವ ಸರ್ವೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. 2003ರಲ್ಲಿ ಸ್ಫಾಟಿ ಮತ್ತು ಕಪೆಲಾ ಎಂಬಿಬ್ಬರು ಇದನ್ನೇ ಬಿಡಿಸಲು ನೋಡಿದರು. ಮುಖ್ಯ ಮಾಧ್ಯಮದ ಮೇಲೆ ಅನುಮಾನ ಇರುವವರು ಮುಖ್ಯವಲ್ಲದ ಕಡೆಗೆ ಹೆಚ್ಚು ವಾಲುತ್ತಾರೆ ಎಂದು ಅವರಿಗೆ ಕಂಡಿತು. ಆದರೆ ತಮಾಷೆ ಅಂದರೆ ಅವರು ಮುಖ್ಯ ಮಾಧ್ಯಮವನ್ನು ನೋಡುವುದನ್ನೂ ಪೂರಾ ಬಿಟ್ಟಿರಲಿಲ್ಲ. ಬೈಯುತ್ತಾ ನೋಡುತ್ತಿದ್ದರು.

ಆದ್ದರಿಂದ ಖಜಾಂಚಿಯವರು ಕಾರಣವನ್ನು ಪರಿಣಾಮದ ಜಾಗದಲ್ಲಿ ಇಟ್ಟಿರುವ ಸಾಧ್ಯತೆ ದೊಡ್ಡದಿದೆ. ಪೇಪರ್ ಕಡಿಮೆ ಮಾಡಿದರೆ ಅನುಮಾನ ಇರುವವರ ಅನುಮಾನ ಹೋಗುವುದಿಲ್ಲ, ಅವರು ಗೌಡರ ಗ್ರೂಪಿಗೆ ಸೇರುತ್ತಾರೆ.

ಇನ್ನೊಂದು. ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜ ಅನ್ನಿಸತೊಡಗುತ್ತದೆ. 1977ರಿಂದ ಇದನ್ನು ಮತ್ತೆ ಮತ್ತೆ ಪರೀಕ್ಷಿಸಿದ್ದಾರೆ, ಮತ್ತೆ ಮತ್ತೆ ಹಾಗೇ ಬಂದಿದೆ. ಆರು ಗ್ರೂಪಿನಲ್ಲಿ ಒಂದೇ ಫಾರ್ವರ್ಡ್ ಬಂದರೆ ತಲೆ ಅದನ್ನು ಆರು ಸಾಕ್ಷಿ ಅಂತ ಎಣಿಸುತ್ತದೆ. ಪ್ರೂಫ್ ರೀಡರ್ ಅವರು ಪೇಪರ್ ಬಗ್ಗೆ ಹೇಳಿದ್ದು ಫೋನಿಗೆ ಇನ್ನೂ ಜಾಸ್ತಿ ಹೊಂದುತ್ತದೆ. ಪೇಪರಿನಲ್ಲಿ ಕನಿಷ್ಠ ಪಿಟಿಐ ಅಂತ ಬರೆದಿರುತ್ತಾರೆ.

ಮಾಟುಂಗಾ ಕ್ಯಾಶ್ ಕೌಂಟರ್

ಗೌಡ್ರೆ, ನಿಮ್ಮ ಗ್ರೂಪಿನ ಸುದ್ದಿಗೆ ಜೀವ ಹೋದದ್ದು ಉಂಟು ಮಾರಾಯ್ರೆ. 2018ರ ಜುಲೈ 1, ಧುಳೆ ಜಿಲ್ಲೆಯ ರಾಯಿನ್‌ಪಾಡಾ. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪಿನಲ್ಲಿ ಹಬ್ಬಿ, ಊರು ಊರು ಅಲೆದು ಭಿಕ್ಷೆ ಬೇಡಿ ಬದುಕುವ ಐದು ಜನರನ್ನು ಹೊಡೆದು ಕೊಂದರು. ಅದೇ ತಿಂಗಳು ಕಂಪನಿಯವರು ಭಾರತದಲ್ಲಿ ಒಂದು ಮೆಸೇಜನ್ನು ಐದು ಕಡೆಗಿಂತ ಹೆಚ್ಚು ಒಟ್ಟಿಗೆ ಕಳಿಸಲಿಕ್ಕಾಗದ ಹಾಗೆ ಮಾಡಿದ್ದು. 2020ರ ಏಪ್ರಿಲಿನಲ್ಲಿ, ತುಂಬ ಸಲ ಫಾರ್ವರ್ಡ್ ಆದದ್ದನ್ನು ಸಲಕ್ಕೆ ಒಂದೇ ಕಡೆ ಅಂತ ಮಾಡಿದರು.

ಆದರೆ ಟಿವಿಯವರನ್ನು ನಾನು ಬಿಡುವುದಿಲ್ಲ. ನಮ್ಮ ಹೋಟೆಲಿನಲ್ಲಿ ಟಿವಿ ಕ್ಯಾಶಿನ ಎದುರೇ ಉಂಟು, ದಿನವಿಡೀ ಕಣ್ಣೆದುರು ಓಡುತ್ತದೆ. 26/11ರ ಆ ಮೂರು ದಿನ ಕಮಾಂಡೋಗಳು ಎಲ್ಲಿ ಇಳಿಯುತ್ತಿದ್ದಾರೆ ಅಂತ ನೇರ ತೋರಿಸಿದ್ದನ್ನು ನಾವೂ ಚಾ ಕುಡಿಯುತ್ತಾ ನೋಡಿದವರೇ. 2012ರಲ್ಲಿ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಚಾನೆಲ್‌ಗಳಿಗೆ ಸರಿಯಾಗಿ ಬೈದಿದೆ. 2015ರಲ್ಲಿ ಕೇಬಲ್ ಟಿವಿ ನಿಯಮ ತಿದ್ದಿ, ಉಗ್ರರ ವಿರುದ್ಧದ ಕಾರ್ಯಾಚರಣೆ ನೇರ ತೋರಿಸಬಾರದು, ನೇಮಿಸಿದ ಅಧಿಕಾರಿ ಹೇಳಿದ್ದನ್ನಷ್ಟೇ ಹೇಳಬೇಕು ಅಂತ ಆಯಿತು. ಮತ್ತೆ 2020ರ ಅಕ್ಟೋಬರಿನಲ್ಲಿ ಇದೇ ಮುಂಬೈಯಲ್ಲಿ ಟಿಆರ್‌ಪಿ ಗಲಾಟೆ ಎದ್ದು, ಸುದ್ದಿ ಚಾನೆಲ್‌ಗಳ ವಾರದ ರೇಟಿಂಗನ್ನೇ, ಆ ಲೆಕ್ಕ ಇಡುವ ಬಾರ್ಕ್ ಸಂಸ್ಥೆಯವರು ನಿಲ್ಲಿಸಿದರು. ಪುನಃ ಶುರುವಾಗಲಿಕ್ಕೆ 2022ರ ಮಾರ್ಚ್ ಬಂತು. ಯಾವ ಚಾನೆಲನ್ನು ಎಷ್ಟು ಜನ ನೋಡುತ್ತಾರೆ ಅನ್ನುವ ಲೆಕ್ಕವೇ ಅಷ್ಟು ದಿನ ಇಲ್ಲ. ಬೊಬ್ಬೆ ಮಾತ್ರ ಒಂದು ದಿನವೂ ಕಮ್ಮಿಯಾಗಲಿಲ್ಲ!

ಪೇಪರಿನ ವಿಷಯದಲ್ಲಿ ಒಂದು ಹೇಳಲಿಕ್ಕುಂಟು. 2005ರ ಜುಲೈ 26ರ ಮಳೆ ನೆನಪುಂಟಲ್ಲ. ಮುಂಬೈಯಲ್ಲಿ ಎಷ್ಟು ಮಳೆ ಬಂತು? ಒಂದು ಕಡೆ 944 ಮಿಲಿಮೀಟರ್, ಇನ್ನೊಂದು ಕಡೆ 74ರ ಹತ್ತಿರ. ಎರಡೂ ಸರಿ. 944 ಸಾಂತಾಕ್ರೂಜ್ ವೀಕ್ಷಣಾಲಯದ್ದು, 74 ಕೊಲಾಬಾದ್ದು. ಉಪನಗರ ಮುಳುಗುತ್ತಿರುವಾಗ ದಕ್ಷಿಣ ಮುಂಬೈಯಲ್ಲಿ ಕೊಡೆ ಹಿಡಿದು ನಡೆಯುವಷ್ಟು ಮಳೆ. ಒಂದೇ ಪೇಪರ್ ನೋಡಿ, ಆ ಪೇಪರ್ ಕೊಲಾಬಾದ ಅಂಕಿ ಹಿಡಿದಿದ್ದರೆ, ಸಾಂತಾಕ್ರೂಜ್ ಪಕ್ಕದ ಕಲೀನಾದವನಿಗೆ ಇವರು ಸುಳ್ಳುಗಾರರು ಅಂತ ಅನ್ನಿಸುವುದು ಖಂಡಿತ. ಎರಡು ನೋಡಿ, ಎಲ್ಲಿ ಅಳೆದದ್ದು ಅಂತ ಓದಿದವನಿಗೆ ಮಾತ್ರ ಇಬ್ಬರ ಮೇಲೂ ಸಿಟ್ಟು ಬರುವುದಿಲ್ಲ. ಇವತ್ತಿಗೂ ಮಳೆಗಾಲದಲ್ಲಿ ಈ ಎರಡು ಅಂಕಿ ಹಿಡಿದು ಗಿರಾಕಿಗಳು ಜಗಳ ಮಾಡುವುದು ಉಂಟು.

ಅದೇ ಮಳೆಯಲ್ಲಿ, ಅಣೆಕಟ್ಟು ಒಡೆಯಿತು ಅಂತ ಗಾಳಿಸುದ್ದಿ ಹಬ್ಬಿ ಜುಹೂ ನೆಹರೂ ನಗರದಲ್ಲಿ ಕಾಲ್ತುಳಿತ ಆಗಿ ಜನ ಸತ್ತರು. ಆಗ ವಾಟ್ಸಾಪ್ ಎಲ್ಲಿತ್ತು? ಕರೆಂಟ್ ಇಲ್ಲ, ಟಿವಿ ಇಲ್ಲ, ಫೋನ್ ಹತ್ತುವುದಿಲ್ಲ. ಸುದ್ದಿ ಸಿಗದ ಕಡೆ ಬಾಯಿಗೆ ಬಂದದ್ದೇ ಸುದ್ದಿ.

ಘಾಟ್ಕೋಪರ್ ಗೌಡ

ಮಾಟುಂಗಾ ಶೆಟ್ರೇ, ಒಂದು ಕಡೆ ಮಾತ್ರ ಹೇಳಬೇಡಿ. 2020ರ ಏಪ್ರಿಲ್ 14, ಬಾಂದ್ರಾ ಸ್ಟೇಷನ್ ಹೊರಗೆ ಸಾವಿರಾರು ಕೂಲಿ ಜನ ಸೇರಿದ್ರಲ್ಲ, ಊರಿಗೆ ರೈಲು ಬಿಡ್ತಾರೆ ಅಂತ. ಅದರ ಹಿಂದೆ ಟಿವಿ ಸುದ್ದಿಯೂ ಇತ್ತು ಅಂತ ವರದಿಗಾರನನ್ನೇ ಹಿಡಿದು ಒಳಗೆ ಹಾಕಿದ್ರು. ನಮ್ಮ ಗ್ರೂಪ್ ಒಂದೇ ಪಾಪಿ ಅಲ್ಲ.

ಇಷ್ಟೆಲ್ಲ ಗೋಳಾಡೋ ಬದಲು ಯಾವುದು ಸುಳ್ಳು ಅಂತ ಸರ್ಕಾರವೇ ಸೀಲ್ ಹೊಡೆದುಬಿಡಲಿ.

ಐರೋಲಿ ಅಂಕಿಅಂಶ

ಬಾಂದ್ರಾ ಮಾತು ಸರಿ, ಒಪ್ಪಿದೆ. ಸೀಲಿನ ಮಾತಿಗೆ ಬಾಂಬೆ ಹೈಕೋರ್ಟ್ ಆಗಲೇ ಉತ್ತರ ಕೊಟ್ಟಿದೆ. ಕೇಂದ್ರ ಸರ್ಕಾರದ ಬಗೆಗಿನ ಸುದ್ದಿಯನ್ನು ಕೇಂದ್ರವೇ ನೇಮಿಸಿದ ಘಟಕ ಸುಳ್ಳು ಅಂತ ಗುರುತಿಸುವ ನಿಯಮ 2023ರಲ್ಲಿ ಬಂತು. 2024ರ ಜನವರಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಭಿನ್ನವಾಯಿತು, ಮೂರನೆಯವರ ಮುಂದೆ ಹೋಗಿ ಅದೇ ವರ್ಷ ಸೆಪ್ಟೆಂಬರಿನಲ್ಲಿ ನಿಯಮ ಬಿದ್ದುಹೋಯಿತು. ಆಟ ಆಡುವವನೇ ಅಂಪೈರ್ ಆಗುವುದು ಬೇಡ ಅಂತಲೇ ಇಟ್ಟುಕೊಳ್ಳಿ.

ಗೋರೆಗಾಂವ್ ಪೂರ್ವ

ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಪ್ರೂಫ್ ರೀಡರ್ ಅವರು ಹೇಳಿದ ಪೆನ್ಸಿಲ್ ಕೆಲಸವನ್ನು ಶನಿವಾರ ಮಾಡಿಸಿದೆವು. ಶಾಲೆ ಮಕ್ಕಳೇ ಕೂತರು. ಖಜಾಂಚಿಯವರು ಮೊದಲು ದೂರ ನಿಂತಿದ್ದವರು ಆಮೇಲೆ ಕೆಂಪು ಪೆನ್ಸಿಲ್ ಕಿತ್ತುಕೊಂಡು ಕೂತುಬಿಟ್ಟರು. ಒಂದು ಮರಾಠಿ ಪತ್ರಿಕೆಯ ಪಾಲಿಕೆ ಸುದ್ದಿಗೂ ನಮ್ಮ ಕನ್ನಡ ಪತ್ರಿಕೆಯ ಪಾಲಿಕೆ ಸುದ್ದಿಗೂ ವಾಕ್ಯಗಳ ಅನುಕ್ರಮ ಕೂಡ ಒಂದೇ! ಇಂಗ್ಲಿಷಿನವರು ಮಾತ್ರ ವಾರ್ಡ್ ಆಫೀಸಿಗೆ ಹೋಗಿ ಇನ್ನೊಬ್ಬರನ್ನು ಮಾತಾಡಿಸಿದ್ದರು. ನಮ್ಮ ಕನ್ನಡ ಪೇಪರಿನಲ್ಲಿ ಮಾತ್ರ ಇದ್ದ ಸುದ್ದಿ ಅಂದರೆ ರಾತ್ರಿ ಶಾಲೆಯ ಹಳೆ ವಿದ್ಯಾರ್ಥಿಗಳದ್ದು, ಯಕ್ಷಗಾನದ್ದು, ಒಂದು ತೀರಿಹೋದವರ ಸುದ್ದಿ. ಅವು ಬೇರೆಲ್ಲೂ ಸಿಗುವುದಿಲ್ಲ. ಅವನ್ನು ಯಾರೂ ಅನುಮಾನಿಸಲೂ ಇಲ್ಲ, ಯಾಕೆಂದರೆ ಅಲ್ಲಿ ಹೆಸರಿದ್ದವರು ನಮಗೆಲ್ಲ ಗೊತ್ತಿರುವವರು.

ಸದ್ಯಕ್ಕೆ ಒಂದು ಮರಾಠಿ ಪತ್ರಿಕೆ ಬದಲಿಸಿ ಬೇರೆ ಸಂಸ್ಥೆಯದ್ದು ತರಿಸುವುದು ಅಂತ ಮಾತಾಗಿದೆ. ಒಂದು ಉಪಪ್ರಶ್ನೆ: ನಮ್ಮ ಬಡಾವಣೆಯ ಬಗ್ಗೆ ಒಂದು ಪತ್ರಿಕೆಯಲ್ಲಿ ಪೂರಾ ತಪ್ಪು ಸುದ್ದಿ ಬಂದಿದೆ. ಸಿಟ್ಟಾಗಿ ಬೈದು ಸುಮ್ಮನಾಗುವುದೋ, ಏನಾದರೂ ಮಾಡಲು ಬರುತ್ತದೋ?

ಹಳೇ ಪ್ರೂಫ್ ರೀಡರ್

ಬರುತ್ತದೆ. ಯಾರೂ ಮಾಡುವುದಿಲ್ಲ, ಅದೇ ತೊಂದರೆ. ಮೊದಲು ಸಂಪಾದಕರಿಗೆ ಪತ್ರ ಬರೆಯಿರಿ. ಯಾವ ದಿನಾಂಕ, ಯಾವ ಪುಟ, ಯಾವ ವಾಕ್ಯ, ಸರಿ ಏನು, ಆಧಾರ ಏನು. ಬೈಗುಳ ಒಂದೂ ಬೇಡ, ಬೈಗುಳ ಇದ್ದರೆ ಡೆಸ್ಕಿನವರು ಪತ್ರವನ್ನು ಬದಿಗಿಡುತ್ತಾರೆ. ಅದಕ್ಕೂ ಆಗದಿದ್ದರೆ ಪ್ರೆಸ್ ಕೌನ್ಸಿಲ್‌ಗೆ ದೂರು. ದಿನಪತ್ರಿಕೆಯಾದರೆ ಸುದ್ದಿ ಬಂದ ಎರಡು ತಿಂಗಳೊಳಗೆ ಹೋಗಬೇಕು. ಕೌನ್ಸಿಲ್ ದಂಡ ಹಾಕಲಾರದು, ಎಚ್ಚರಿಸಬಹುದು, ಛೀಮಾರಿ ಹಾಕಬಹುದು. ಹಲ್ಲಿಲ್ಲದ್ದು ಅಂತ ಎಲ್ಲರೂ ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಆದರೂ ಕೌನ್ಸಿಲಿನ ಕಾಗದ ಬಂದ ದಿನ ನಮ್ಮ ಸಂಪಾದಕರ ಕೋಣೆಯ ಬಾಗಿಲು ಹಾಕಿರುತ್ತಿತ್ತು.

ಹಿಂಜೆವಾಡಿ ಹೈದ

ವೆಬ್‌ಸೈಟ್ ಸುದ್ದಿ ಆದ್ರೆ 2021ರ ಐಟಿ ನಿಯಮದ ಪ್ರಕಾರ ಅವರು ದೂರು ಅಧಿಕಾರಿಯ ಹೆಸರು ಹಾಕಿರಲೇಬೇಕು, 15 ದಿನದೊಳಗೆ ಉತ್ತರ ಕೊಡಬೇಕು. ಟಿವಿ ಆದ್ರೆ ಬೇಗ ಮಾಡಿ. ಅವರದೇ ಸಂಘದ ಪ್ರಾಧಿಕಾರಕ್ಕೆ ಹೋಗೋ ಮುಂಚೆ, ಪ್ರಸಾರವಾದ ಏಳು ದಿನದೊಳಗೆ ಚಾನೆಲ್‌ಗೆ ಬರೆದಿರಬೇಕು. ಆ ಸಂಘಕ್ಕೆ ಸೇರಿರೋ ಚಾನೆಲ್‌ಗಳಿಗೆ ಮಾತ್ರ ಇದು ಲಾಗು.

ವಾಸ್ಕೋ ಮಂದಿ

ನಮ್ಮ ಕಡಿ ಕನ್ನಡ ಓಣಿ ಬಗ್ಗೆ ಒಂದು ಹಿಂಗ ಬಂದೈತಿ, ಹೋದ ವಾರ. ಪತ್ರ ಯಾವ ಭಾಷಾದಾಗ ಬರೀಲಿ ಅಂತ ಹೇಳ್ರಿ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟ.

ಹಳೇ ಪ್ರೂಫ್ ರೀಡರ್

ಪತ್ರಿಕೆ ಯಾವ ಭಾಷೆಯದ್ದೋ ಅದರಲ್ಲೇ ಬರೆಯಿರಿ, ಅವರಿಗೆ ನೆಪ ಸಿಗಬಾರದು. ಕೌನ್ಸಿಲ್‌ವರೆಗೆ ಹೋಗುವುದಾದರೆ ದೇಶಭಾಷೆಯ ಕ್ಲಿಪ್ಪಿಂಗ್ ಜೊತೆ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ಕ್ಲಿಪ್ಪಿಂಗನ್ನು ಕತ್ತರಿಸಿ ಇಟ್ಟುಕೊಳ್ಳಬೇಡಿ, ಇಡೀ ಪುಟ ಇಟ್ಟುಕೊಳ್ಳಿ, ಮೇಲಿನ ದಿನಾಂಕ ಮತ್ತು ಆವೃತ್ತಿಯ ಹೆಸರು ಕಾಣಬೇಕು. ಪಣಜಿ ಆವೃತ್ತಿಯಲ್ಲಿ ಬಂದದ್ದು ಮುಂಬೈ ಆವೃತ್ತಿಯಲ್ಲಿ ಇರುವುದೇ ಇಲ್ಲ ಎಷ್ಟೋ ಸಲ. ನೀವು ಬರೆದದ್ದನ್ನು ಇಲ್ಲಿ ಹಾಕಿ, ನಾನೊಮ್ಮೆ ಕಣ್ಣಾಡಿಸಿ ಕೊಡುತ್ತೇನೆ.

ವಾಸ್ಕೋ ಮಂದಿ

ಪುಟ ಐತ್ರಿ, ಮನ್ಯಾಕಿ ಅದರಾಗ ರೊಟ್ಟಿ ಸುತ್ತೂಕ್ಕಿಂತ ಮೊದಲ ಎತ್ತಿಟ್ಟೀನಿ. ರಾತ್ರಿ ಪಾಳಿ ಮುಗಿಸಿ ಬಂದು ಬರದು ಹಾಕ್ತೀನಿ.